ಓದುಗರ ಪ್ರಶ್ನೆ: ಬಡ್ಡಿ ಸಾಹುಕಾರರು ಚರ್ಚ್ ಯಾಕೆ ಕಟ್ಟಿಸಿದ್ರು?

ಪ್ರಶ್ನೆ (ಹುಬ್ಬಳ್ಳಿಯ ಓದುಗರಿಂದ): ನಾನು 32 ವರ್ಷ ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಹೋದ ವರ್ಷ ಮಗಳ ಜೊತೆ ಇಟಲಿಗೆ ಹೋಗಿದ್ದೆ. ಫ್ಲಾರೆನ್ಸ್ ಊರಲ್ಲಿ ಎಲ್ಲಿ ತಲೆ ಎತ್ತಿದ್ರೂ ಗೋಡೆ ಮೇಲೆ ಉಂಡೆ ಉಂಡೆ ಇರೋ ಒಂದೇ ಲಾಂಛನ. ಅದು ಮೆಡಿಚಿ ಅನ್ನೋ ಬ್ಯಾಂಕ್ ಮನೆತನದ್ದು ಅಂತ ಗೈಡ್ ಹೇಳಿದ. ಸಾಲ ಕೊಡೋರು ಒಂದು ಊರನ್ನೇ ಹೇಗೆ ಕೈಗೆ ತಗೊಂಡ್ರು? ಚಿತ್ರ, ಶಿಲ್ಪ, ಚರ್ಚು ಅಂತ ಅಷ್ಟು ದುಡ್ಡು ಸುರಿದಿದ್ದು ಭಕ್ತಿಗಾ, ಶೋಕಿಗಾ, ರಾಜಕೀಯಕ್ಕಾ?

ಉತ್ತರ: ಸರ್, ಮೂರಕ್ಕೂ. ಮೂರನ್ನೂ ಬಿಡಿಸಿ ಬೇರೆ ಬೇರೆ ಇಡೋಕೆ ಆಗಲ್ಲ. ನೀವು ಬ್ಯಾಂಕಿನವರು, ಹಾಗಾಗಿ ಲೆಕ್ಕದ ಪುಸ್ತಕದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಈ ಕತೆ ಅಲ್ಲಿಂದ ಓದಿದ್ರೇನೇ ಅರ್ಥ ಆಗೋದು.

ಜಿಯೊವಾನಿ ದಿ ಬಿಚ್ಚಿ ಅನ್ನೋನು 1397ರಲ್ಲಿ ರೋಮಿಂದ ಫ್ಲಾರೆನ್ಸಿಗೆ ಬಂದು ಬ್ಯಾಂಕ್ ತೆಗೆದ. ಆದ್ರೆ ರೋಮ್ ಬ್ರಾಂಚ್ ಬಿಡಲಿಲ್ಲ, ಮೊದಲ 20-25 ವರ್ಷ ಒಟ್ಟು ಲಾಭದಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ ಬರ್ತಿತ್ತು. ಕಾರಣ ಪೋಪ್. ಯುರೋಪಿನ ಯಾವುದೋ ಮೂಲೆಯಲ್ಲಿ ಹೊಸ ಬಿಷಪ್ ನೇಮಕ ಆದ್ರೆ ಅವನು ರೋಮಿಗೆ ಇಂತಿಷ್ಟು ಅಂತ ಕಾಣಿಕೆ ಕಟ್ಟಬೇಕು, ಅದನ್ನ ವಸೂಲಿ ಮಾಡಿ, ಊರಿಂದೂರಿಗೆ ದಾಟಿಸಿ, ಪೋಪ್ ಖಾತೆಗೆ ಜಮಾ ಮಾಡೋ ಕೆಲಸ ಬ್ಯಾಂಕಿನದು, ಕಟ್ಟದೆ ಇದ್ದೋನಿಗೆ ಬಹಿಷ್ಕಾರದ ಬೆದರಿಕೆ ಬೇರೆ. ನಾವು ನೀವು ನೋಡಿರೋ ರಿಕವರಿಗೆ ಇಷ್ಟು ಬಲ ಯಾವತ್ತೂ ಇರಲಿಲ್ಲ ಅಲ್ವಾ ಸರ್.

ಈಗ ತೊಡಕು ಎಲ್ಲಿ ಅಂದ್ರೆ, ಅದೇ ಚರ್ಚಿನ ಕಾನೂನಲ್ಲಿ ಬಡ್ಡಿ ತಗೊಳ್ಳೋದು ಪಾಪ. ಬಡ್ಡಿ ತಿಂದೋನು ತಿಂದಿದ್ದನ್ನ ವಾಪಸ್ ಕೊಡದೆ ಸತ್ರೆ ಕ್ರೈಸ್ತ ವಿಧಿ ಪ್ರಕಾರ ಮಣ್ಣೂ ಸಿಗಲ್ಲ. ಹಾಗಾಗಿ ಮೆಡಿಚಿಗಳು ಬಡ್ಡಿ ಅನ್ನೋ ಪದಾನೇ ಪುಸ್ತಕಕ್ಕೆ ಹತ್ತಿಸ್ತಿರಲಿಲ್ಲ. ನಮ್ಮ ಕಡೆ ವ್ಯಾಪಾರಸ್ಥರು ಹುಂಡಿ ಬರೀತಿದ್ರಲ್ಲ, ಸುಮಾರು ಆ ಥರದ್ದೇ ಒಂದು ಚೀಟಿ. ಫ್ಲಾರೆನ್ಸಲ್ಲಿ ಚಿನ್ನದ ಫ್ಲೋರಿನ್ ಕೊಡ್ತಾರೆ, ಸುಮಾರು 3 ತಿಂಗಳಾದ್ಮೇಲೆ ಲಂಡನ್ನಲ್ಲಿ ಅಲ್ಲಿನ ನಾಣ್ಯದಲ್ಲಿ ತೀರಿಸಬೇಕು, ಅಲ್ಲಿಂದ ಮತ್ತೆ ಇನ್ನೊಂದು ಚೀಟಿ ಮಾಡಿ ಫ್ಲಾರೆನ್ಸಿಗೆ ತರಿಸ್ತಾರೆ, ಎರಡೂರಿನ ವಿನಿಮಯ ದರದಲ್ಲಿ ಇರೋ ವ್ಯತ್ಯಾಸವೇ ಲಾಭ. ದರ ಏರುಪೇರಾಗಿ ನಷ್ಟ ಆಗೋ ಚಾನ್ಸೂ ಇದ್ದಿದ್ರಿಂದ ಇದು ಸಾಲ ಅಲ್ಲ, ನಾಣ್ಯ ಬದಲಾಯಿಸೋ ವ್ಯಾಪಾರ ಅಂತ ವಾದ. ಠೇವಣಿ ಇಟ್ಟೋರಿಗೂ ಬಡ್ಡಿ ಅಂತ ಕೊಡ್ತಿರಲಿಲ್ಲ, ಬ್ಯಾಂಕು ತನ್ನ ಇಷ್ಟದಿಂದ ಕೊಡೋ ಉಡುಗೊರೆ ಅಂತ ಬರೀತಿದ್ರು.

ಕಾನೂನಿಗೆ ಇದು ಸಾಕಾಯ್ತು, ಮನಸ್ಸಿಗೆ ಸಾಕಾಗಲಿಲ್ಲ. ಜಿಯೊವಾನಿ ಮಗ ಕೊಸಿಮೊ ತನ್ನ ಸಂಪತ್ತಿನಲ್ಲಿ ಸರಿಯಲ್ಲದ ದಾರಿಯಲ್ಲಿ ಬಂದಿದ್ದೂ ಇದೆ ಅನ್ನೋ ಕೊರಗನ್ನ ಪೋಪ್ ನಾಲ್ಕನೇ ಯುಜೀನಿಯಸ್ ಹತ್ರ ಹೇಳ್ಕೊಂಡನಂತೆ. ಸಾನ್ ಮಾರ್ಕೊ ಮಠಕ್ಕೆ 10,000 ಫ್ಲೋರಿನ್ ಖರ್ಚು ಮಾಡು ಅಂತ ಪೋಪ್ ಹೇಳಿದ್ರು, ಇವನು 40,000ಕ್ಕೂ ಮೇಲೆ ಸುರಿದ ಅಂತ ಕೊಸಿಮೊನ ಕಂಡು ಮಾತಾಡಿದ್ದ ಪುಸ್ತಕ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ಹೀಗೆ ಆ ಮಠದ ಜೀರ್ಣೋದ್ಧಾರ ಆಯ್ತು. ಕಟ್ಟಿದ್ದು ಮಿಕೆಲೊಜ್ಜೊ, ಗೋಡೆಗೆ ಚಿತ್ರ ಬರೆದಿದ್ದು ಅಲ್ಲಿನ ಸಂನ್ಯಾಸಿಯೇ ಆಗಿದ್ದ ಫ್ರಾ ಆಂಜೆಲಿಕೊ. ಒಂದು ಲೈಬ್ರರಿಯನ್ನೂ ಮಾಡಿಸಿದ, ಓದು ಬಲ್ಲ ಊರ ಜನರಿಗೂ ಅಲ್ಲಿ ಪ್ರವೇಶ ಇತ್ತು.

ಸರ್, ನೀವು ಸಾನ್ ಮಾರ್ಕೊಗೆ ಹೋಗಿದ್ರಾ? ಮೇಲಿನ ಮಹಡಿಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಕೋಣೆ, ಒಂದೊಂದಕ್ಕೆ ಒಂದು ಕಿಟಕಿ, ಒಂದು ಚಿತ್ರ, ಅಷ್ಟೇ. ಓಣಿಯ ಆ ತುದಿಯಲ್ಲಿ 38, 39ನೇ ಕೋಣೆ ಮಾತ್ರ ಎರಡು ಸೇರಿಸಿ ಮಾಡಿದ್ದು, ಅದು ಕೊಸಿಮೊ ಬಂದು ಪ್ರಾರ್ಥನೆ ಮಾಡ್ತಿದ್ದ ಜಾಗ. ಬೇರೆ ಸಂನ್ಯಾಸಿಗಳ ಗೋಡೆ ಮೇಲೆ ಹೆಚ್ಚಾಗಿ ಶಿಲುಬೆ, ಯಾತನೆ, ಮೌನ. ಇವನ ಗೋಡೆ ಮೇಲೆ ಮಾತ್ರ ಮೂವರು ರಾಜರು ಚಿನ್ನ ಗಂಧ ಹಿಡಿದು ಶಿಶು ಯೇಸುವಿನ ಮುಂದೆ ಮಂಡಿಯೂರೋ ದೃಶ್ಯ. ಬೈಬಲಿನಲ್ಲಿ ಶ್ರೀಮಂತರಿಗೆ ಒಳ್ಳೆ ಮಾತು ಸಿಗೋದು ಕಮ್ಮಿ, ಶ್ರೀಮಂತ ಸ್ವರ್ಗ ಸೇರೋದಕ್ಕಿಂತ ಒಂಟೆ ಸೂಜಿ ಕಣ್ಣಲ್ಲಿ ನುಗ್ಗೋದು ಸುಲಭ ಅನ್ನೋ ಮಾತು ನಿಮಗೂ ಗೊತ್ತು. ಆದ್ರೆ ಈ ಮೂವರು ತಂದ ಚಿನ್ನವನ್ನ ದೇವರು ಬೇಡ ಅನ್ನಲಿಲ್ಲ. ಸಾಹುಕಾರನೊಬ್ಬ ತನ್ನ ಪ್ರಾರ್ಥನೆಗೆ ಆ ಕತೆ ಯಾಕೆ ಹಿಡಿದ ಅಂತ ಅಲ್ಲಿ ನಿಂತು ಯೋಚಿಸಿದ್ರೆ, ಇದು ಬರೀ ಶೋಕಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ.

ಇನ್ನು ರಾಜಕೀಯ. ಫ್ಲಾರೆನ್ಸಿನಲ್ಲಿ ರಾಜ ಇರಲಿಲ್ಲ, ಗಣರಾಜ್ಯ ಅಂತ ಊರಿಗೆ ಬಹಳ ಹೆಮ್ಮೆ. ಆಳೋ ಮಂಡಳಿಯಲ್ಲಿ 9 ಜನ, ಅವಧಿ ಬರೀ 2 ತಿಂಗಳು, ಆಯ್ಕೆ ಚೀಟಿ ಎತ್ತಿ. ಅರ್ಹರ ಹೆಸರು ಬರೆದು ಚರ್ಮದ ಚೀಲದಲ್ಲಿ ಹಾಕೋರು, ಅದರಿಂದ ಎತ್ತೋರು. ಯಾರೂ ಬಲಿಯಬಾರದು ಅಂತಲೇ ಮಾಡಿದ ಏರ್ಪಾಟು. 1433ರಲ್ಲಿ ಎದುರಾಳಿ ಅಲ್ಬಿಜ್ಜಿ ಮನೆತನದವರು ಕೊಸಿಮೊನ ಹಿಡಿಸಿ ಸರ್ಕಾರದ ಅರಮನೆಯ ಗೋಪುರದ ಕೋಣೆಯಲ್ಲಿ ಕೂಡಿಹಾಕಿದ್ರು. ತಲೆ ಹೋಗಬೇಕಿತ್ತು. ಅವನು ಅಲ್ಲಿಂದಲೇ ಮಂಡಳಿಯ ಮುಖ್ಯಸ್ಥನಿಗೆ 1,000 ಫ್ಲೋರಿನ್ ತಲುಪಿಸಿ ಶಿಕ್ಷೆಯನ್ನ ಗಡಿಪಾರಿಗೆ ಇಳಿಸಿಕೊಂಡ. ಅವರು ಸಣ್ಣ ಮನಸ್ಸಿನವರು, 10,000 ಕೇಳಿದ್ರೂ ಜೀವ ಉಳಿಸ್ಕೊಳ್ಳೋಕೆ ಕೊಡ್ತಿದ್ದೆ ಅನ್ನೋ ಅರ್ಥದಲ್ಲಿ ಆಮೇಲೆ ಅವನೇ ಬರೆದುಕೊಂಡಿದ್ದಾನೆ. ಒಂದು ವರ್ಷ ಆಗೋಷ್ಟರಲ್ಲಿ ಊರಿನ ಗಾಳಿ ತಿರುಗಿತು, 1434ರ ಅಕ್ಟೋಬರಿನಲ್ಲಿ ವಾಪಸ್ ಬಂದ, ಎದುರಾಳಿಗಳು ಊರು ಬಿಟ್ರು.

ವಾಪಸ್ ಬಂದೋನು ಕಿರೀಟ ಕೇಳಲಿಲ್ಲ. ಚೀಲಕ್ಕೆ ಯಾರ ಹೆಸರು ಬೀಳಬೇಕು ಅಂತ ನೋಡೋ ಅಧಿಕಾರಿಗಳು ತನ್ನವರೇ ಇರೋ ಹಾಗೆ ನೋಡ್ಕೊಂಡ, ಅಷ್ಟೇ. ಚೀಟಿ ಎತ್ತೋ ಶಾಸ್ತ್ರ ಹಾಗೇ ನಡೀತಾ ಇತ್ತು, ಯಾರ ಚೀಟಿ ಎತ್ತಿದ್ರೂ ಅದು ಮೆಡಿಚಿಗಳಿಗೆ ಸಾಲಗಾರ, ಬೀಗ, ಪಾಲುದಾರ, ಇಲ್ಲ ಋಣ ಇರೋನು. ಅವನು ಅಧಿಕೃತವಾಗಿ ಕುರ್ಚಿ ಮೇಲೆ ಕೂತಿದ್ದು ಕೆಲವೇ ಸಲ, ಆದ್ರೂ ಹೊರಗಿನ ರಾಯಭಾರಿಗಳು ಬಂದ್ರೆ ಮಾತುಕತೆ ಅವನ ಮನೆಯಲ್ಲೇ. ಮಿಲಾನಿನಲ್ಲಿ 1450ರಲ್ಲಿ ಫ್ರಾಂಚೆಸ್ಕೊ ಸ್ಫೋರ್ಜ ಡ್ಯೂಕ್ ಆಗೋಕೆ ಮೆಡಿಚಿ ಸಾಲ ಬೆನ್ನಿಗಿತ್ತು, ಅದರಿಂದ ಫ್ಲಾರೆನ್ಸಿನ ಸ್ನೇಹವೇ ವೆನಿಸ್ ಬಿಟ್ಟು ಮಿಲಾನ್ ಕಡೆ ವಾಲಿತು. ಒಂದು ಬ್ಯಾಂಕಿನ ಸಾಲ ಒಂದು ದೇಶದ ವಿದೇಶಾಂಗ ನೀತಿ ಆಗಿಬಿಡ್ತು.

ಹೀಗೆ ಹುದ್ದೆ ಇಲ್ಲದೆ ಆಳೋನಿಗೆ ಒಂದು ಕಷ್ಟ ಇರುತ್ತೆ. ಸೈನ್ಯ ಇಟ್ಕೊಳ್ಳೋ ಹಾಗಿಲ್ಲ, ಸಿಂಹಾಸನ ಹಾಕಿಸೋ ಹಾಗಿಲ್ಲ. ಜನ ನಂಬಬೇಕು, ಆದ್ರೆ ಹೆದರಬಾರದು. ಕಲೆ ಅವರ ಕೈಗೆ ಸಿಕ್ಕಿದ್ದು ಇಲ್ಲಿ. ಬ್ಯಾಂಕಿನ ಬಂಡವಾಳ ಏನು ಸರ್, ನಂಬಿಕೆ ತಾನೆ? ಇವರು ಚರ್ಚು, ಮಠ, ಶಿಲ್ಪದ ಮೇಲೆ ಹಾಕಿದ ದುಡ್ಡು ಊರಿನ ಮನಸ್ಸಲ್ಲಿ ಠೇವಣಿ ಇಟ್ಟ ಹಾಗೆ. ಕೆಲವು ಕಡೆ ರಸೀದಿಯನ್ನೂ ಅಂಟಿಸಿದ್ದಾರೆ! ಕೊಸಿಮೊ ಮಗ ಪಿಯೆರೊ ಅನುನ್ಸಿಯಾತ ಚರ್ಚಿನಲ್ಲಿ ಮಾಡಿಸಿದ ಅಮೃತಶಿಲೆ ಮಂಟಪದ ಮೇಲೆ, ಕಲ್ಲಿಗೊಂದೇ 4,000 ಫ್ಲೋರಿನ್ ಆಯ್ತು ಅಂತ ಕೆತ್ತಿಸಿದ್ದಾನೆ, ಇವತ್ತಿಗೂ ಓದಬಹುದು. ಮೊಮ್ಮಗ ಲೊರೆಂಜೊ ಹಳೇ ಪುಸ್ತಕ ತಿರುವಿ ಹಾಕಿ, 1434ರಿಂದ 1471ರ ತನಕ ಕಟ್ಟಡ, ದಾನ, ತೆರಿಗೆ ಸೇರಿ ಮನೆತನ ಖರ್ಚು ಮಾಡಿದ್ದು 6,63,755 ಫ್ಲೋರಿನ್ ಅಂತ ಬರೆದಿದ್ದಾನೆ. ಅವರ ಮುತ್ತಾತ ಜಿಯೊವಾನಿ ಸಾಯೋವಾಗ ಬಿಟ್ಟು ಹೋದ ಒಟ್ಟು ಆಸ್ತಿಯೇ ಸುಮಾರು 1,80,000, ಇದು ಅದರ ಮೂರು ಪಟ್ಟಿಗಿಂತ ಜಾಸ್ತಿ. ಅದರ ಒಂದು ಪಾಲು ಜೇಬಲ್ಲಿದ್ದಿದ್ರೆ ಚೆನ್ನಾಗಿತ್ತು ಅಂತ ಎಷ್ಟೋ ಜನ ಅನ್ನಬಹುದು, ಆದ್ರೆ ಅದು ನಮ್ಮ ಸ್ಥಾನಕ್ಕೆ ಬೆಳಕು ಕೊಟ್ಟಿದೆ, ಸರಿಯಾಗೇ ಖರ್ಚಾಗಿದೆ ಅನ್ನೋದು ಅವನ ಅಭಿಪ್ರಾಯ. ದಾನದ ಜೊತೆ ತೆರಿಗೆಯನ್ನೂ ಒಂದೇ ಸಾಲಲ್ಲಿ ಕೂಡಿಸಿದ್ದಾನಲ್ಲ, ಅದನ್ನ ಗಮನಿಸಿ. ಅವನ ಕಣ್ಣಿಗೆ ಎರಡೂ ಊರಿಗೆ ಕಟ್ಟಿದ್ದೇ.

ಇನ್ನೊಂದನ್ನ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೆಡಿಚಿ ಮನೆಯಲ್ಲಿ ದೊನಾತೆಲ್ಲೊ ಮಾಡಿದ ಎರಡು ಕಂಚಿನ ಶಿಲ್ಪ ಇದ್ವು, ಅಂಗಳದಲ್ಲಿ ದೈತ್ಯ ಗೊಲಿಯಾತನನ್ನ ಕೊಂದ ಬೈಬಲಿನ ಹುಡುಗ ಡೇವಿಡ್, ತೋಟದಲ್ಲಿ ಜೂಡಿತ್. ಹೊಲೊಫರ್ನಿಸ್ ಅನ್ನೋ ದುಷ್ಟ ಸೇನಾಪತಿಯ ಕೂದಲು ಹಿಡಿದು, ಕತ್ತಿ ಎತ್ತಿ ನಿಂತಿರೋ ವಿಧವೆ ಜೂಡಿತ್. ರಾಜ್ಯಗಳು ಭೋಗದಿಂದ ಬೀಳ್ತವೆ, ಊರುಗಳು ಸದ್ಗುಣದಿಂದ ಏಳ್ತವೆ, ವಿನಯದ ಕೈ ಸೊಕ್ಕಿನ ಕುತ್ತಿಗೆ ಕತ್ತರಿಸಿದ್ದು ನೋಡಿ ಅಂತ ಕೆಳಗೆ ಬರಹ ಇತ್ತು. ಅಂದ್ರೆ ನಿರಂಕುಶರನ್ನ ಕೊಲ್ಲೋರು, ಗಣರಾಜ್ಯ ಕಾಯೋರು ನಾವೇ ಅಂತ ಮನೆಗೆ ಬಂದೋರಿಗೆಲ್ಲ ಹೇಳಿದ ಹಾಗೆ. 1494ರಲ್ಲಿ ಊರಿನವರು ಮೆಡಿಚಿಗಳನ್ನೇ ಓಡಿಸಿದ್ರು. ಓಡಿಸಿದವರು ಆ ಜೂಡಿತ್‌ನ ಒಡೀಲಿಲ್ಲ, ಕರಗಿಸಲಿಲ್ಲ, ಹೊತ್ಕೊಂಡು ಬಂದು ಸರ್ಕಾರದ ಅರಮನೆ ಬಾಗಿಲಿಗೆ ನಿಲ್ಲಿಸಿ, ಸಾರ್ವಜನಿಕ ಕ್ಷೇಮದ ಮಾದರಿಯಾಗಿ ನಾಗರಿಕರು ಇದನ್ನ ಇಟ್ಟಿದ್ದಾರೆ, 1495 ಅಂತ ಕೆತ್ತಿದ್ರು. ಅದೇ ಕಂಚು, ಅದೇ ಎತ್ತಿದ ಕತ್ತಿ, ಈಗ ಸೊಕ್ಕಿನ ಕುತ್ತಿಗೆ ಮಾತ್ರ ಮೆಡಿಚಿಗಳದ್ದು. ದುಡ್ಡು ಕೊಟ್ಟೋನು ಶಿಲ್ಪ ಕೊಳ್ಳಬಹುದು, ಅದರ ಅರ್ಥ ಕೊಳ್ಳೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ಪ್ರಶ್ನೆ (ಮೈಸೂರಿನ ಚಿತ್ರಕಲಾ ವಿದ್ಯಾರ್ಥಿನಿ): ಮೆಡಿಚಿಗಳು ಇಲ್ಲದಿದ್ರೆ ರಿನೈಸಾನ್ಸೇ (ಆ ಕಾಲದ ಕಲೆ, ವಿದ್ಯೆಯ ಮರುಹುಟ್ಟು) ಇರ್ತಿರಲಿಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜಾನಾ? ದುಡ್ಡು ಕೊಟ್ಟೋರು ಹೇಳಿದ ಹಾಗೆ ಬರೆದ್ರೆ ಕಲಾವಿದನದ್ದು ಅಂತ ಏನು ಉಳೀತು?

ಉತ್ತರ: ನಿಜ ಅಲ್ಲ ಕಣಮ್ಮ, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಫ್ಲಾರೆನ್ಸಿನ ದೊಡ್ಡ ಕೆಲಸಗಳನ್ನ ಮಾಡಿಸಿದ್ದು ಮೊದಲಿಗೆ ಕಸುಬಿನ ಸಂಘಗಳು. ಬ್ರುನೆಲ್ಲೆಸ್ಕಿ 1420ರಿಂದ 1436ರ ತನಕ ಕಟ್ಟಿದ ಮಹಾ ಚರ್ಚಿನ ಗುಮ್ಮಟದ ಉಸ್ತುವಾರಿ ಉಣ್ಣೆ ನೇಕಾರಿಕೆ ಸಂಘದ್ದು, ಗಿಬೆರ್ತಿಯ ಕಂಚಿನ ಬಾಗಿಲುಗಳನ್ನ ಮಾಡಿಸಿದ್ದು ಬಟ್ಟೆ ವ್ಯಾಪಾರಿಗಳ ಸಂಘ. ಒಂದು ಸಂಘದ ಮೇಲೆ ಇನ್ನೊಂದಕ್ಕೆ ಪೈಪೋಟಿ, ಯಾರ ಗೂಡಿನಲ್ಲಿ ಒಳ್ಳೆ ಶಿಲ್ಪ ನಿಂತಿದೆ ಅಂತ. ಆ ಪೈಪೋಟಿಯಲ್ಲಿ ಕಲಾವಿದರು ಪಳಗಿ ತಯಾರಾಗಿದ್ರು, ಮೆಡಿಚಿಗಳಿಗೆ ಸಿಕ್ಕಿದ್ದು ಹದ ಮಾಡಿದ ಹೊಲ.

ಬೊತ್ತಿಚೆಲ್ಲಿಯ ವಸಂತದ ಚಿತ್ರ ಇದೆಯಲ್ಲ, ಅದನ್ನ ಪ್ರಸಿದ್ಧ ಲೊರೆಂಜೊ ಬರೆಸಿದ್ದು ಅಂತ ಎಷ್ಟೋ ಕಡೆ ಹಾಕ್ತಾರೆ. 1499ರ ಮನೆ ಸಾಮಾನಿನ ಪಟ್ಟಿ ಪ್ರಕಾರ ಅದು ಇದ್ದಿದ್ದು ಅವನ ಕಸಿನ್, ಅದೇ ಹೆಸರಿನ ಇನ್ನೊಬ್ಬ ಲೊರೆಂಜೊ ಕುಟುಂಬದ ಮನೆಯಲ್ಲಿ. ಪ್ರಸಿದ್ಧ ಲೊರೆಂಜೊಗೆ ಪ್ರಾಣ ಇದ್ದಿದ್ದು ಹಳೇ ಕಾಲದ ರತ್ನ, ಕಲ್ಲಿನ ಬಟ್ಟಲುಗಳ ಮೇಲೆ. 1492ರಲ್ಲಿ ಅವನು ಸತ್ತಾಗ ಮನೆಯ ಎಲ್ಲಾ ವಸ್ತುಗಳ ಪಟ್ಟಿ ಮಾಡಿದ್ರು, ಒಂದು ಕಲ್ಲಿನ ಬಟ್ಟಲಿಗೆ 10,000 ಫ್ಲೋರಿನ್ ಬೆಲೆ ಕಟ್ಟಿದ್ದಾರೆ, ಉಚ್ಚೆಲ್ಲೊ ಬರೆದ ಯುದ್ಧದ ಮೂರು ದೊಡ್ಡ ಚಿತ್ರವೂ ಸೇರಿ ಅವನ ಮಲಗೋ ಕೋಣೆಯ ಆರು ಚಿತ್ರಕ್ಕೆ ಒಟ್ಟು 300. ಆ ಯುದ್ಧದ ಚಿತ್ರಗಳನ್ನೂ ಅವನು ಬರೆಸಿದ್ದಲ್ಲ, ಬೇರೆ ಮನೆತನದವರ ಹತ್ರ ಇದ್ದಿದ್ದನ್ನ ಒತ್ತಾಯವಾಗಿ ತಗೊಂಡಿದ್ದು. ಆ ಮೂರು ಈಗ ಮೂರು ದೇಶದ ಮ್ಯೂಸಿಯಂಗಳಲ್ಲಿ ಇವೆ.

ಕಲಾವಿದನದ್ದು ಏನು ಉಳೀತು ಅಂತ ಕೇಳಿದ್ದೀಯ. 1459ರ ಒಂದು ಕಾಗದ ಇದೆ. ಮೆಡಿಚಿ ಮನೆಯ ಒಳಗಿನ ಪುಟ್ಟ ಪ್ರಾರ್ಥನಾ ಮಂದಿರದ ಗೋಡೆಗೆ ಬೆನೊಜ್ಜೊ ಗೊಜ್ಜೊಲಿ ಮೂವರು ರಾಜರ ಮೆರವಣಿಗೆ ಬರೀತಿದ್ದ, ಮತ್ತೆ ಅದೇ ಕತೆ ನೋಡು. ಗಾರೆ ಹಸಿಯಾಗಿದ್ದಾಗಲೇ ಬಣ್ಣ ಹಾಕಬೇಕಾದ ಕೆಲಸ, ದಿನಕ್ಕೆ ಇಷ್ಟೇ ಜಾಗ. ಮಧ್ಯೆ ಪಿಯೆರೊಗೆ ಅಲ್ಲಿ ಬರೆದ ಕಿನ್ನರ ಥರದ ದೇವದೂತರು ಇಷ್ಟ ಆಗಲಿಲ್ಲ ಅಂತ ಇನ್ನೊಬ್ಬರ ಕೈಲಿ ಹೇಳಿ ಕಳಿಸಿದ. ಗೊಜ್ಜೊಲಿ ಉತ್ತರ ಬರೆದ, ಒಂದು ಮೂಲೆಯ ಮೋಡದ ಮಧ್ಯೆ ಇದೆ, ರೆಕ್ಕೆ ತುದಿ ಬಿಟ್ರೆ ಏನೂ ಕಾಣಲ್ಲ, ಅಂದ ಕೆಡಿಸ್ತಿಲ್ಲ, ಆದ್ರೂ ನೀವು ಹೇಳಿದ ಹಾಗೇ ಮಾಡ್ತೀನಿ, ಎರಡು ಸಣ್ಣ ಮೋಡ ಬರೆದ್ರೆ ಮುಚ್ಚಿಹೋಗುತ್ತೆ ಅಂತ. ಕೆಲಸ ಮಾಡೋನ ಅಭಿಮಾನವೂ ಇದೆ, ಸಂಬಳ ಕೊಡೋನ ಭಯವೂ ಇದೆ. ಆದ್ರೆ ಅದೇ ಗೋಡೆ ಮೇಲೆ ಮೆಡಿಚಿಗಳ ಹಿಂದೆ ಬರೋ ಗುಂಪಿನಲ್ಲಿ ತನ್ನ ಮುಖವನ್ನೂ ಬರೆದ, ಕೆಂಪು ಟೋಪಿ ಅಂಚಿಗೆ ಇದು ಬೆನೊಜ್ಜೊ ಕೆಲಸ ಅಂತ ಚಿನ್ನದ ಅಕ್ಷರದಲ್ಲಿ ಹಾಕಿದ. ಗುಂಪಲ್ಲಿ ಉಳಿದ ಎಷ್ಟೋ ಮುಖ ಯಾರದ್ದು ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ, ಅವನದ್ದು ಮಾತ್ರ ಯಾರೂ ಕೇಳೋ ಹಾಗಿಲ್ಲ.

ಎಲ್ಲರ ಕತೆ ಇಷ್ಟು ಸುಖವಾಗಿಲ್ಲ. ಫ್ರಾ ಫಿಲಿಪ್ಪೊ ಲಿಪ್ಪಿ 1439ರಲ್ಲಿ ಇದೇ ಪಿಯೆರೊಗೆ ಬರೆದ ಕಾಗದದಲ್ಲಿ ತಾನು ಫ್ಲಾರೆನ್ಸಿನ ಅತಿ ಬಡ ಸಂನ್ಯಾಸಿಗಳಲ್ಲಿ ಒಬ್ಬ, ಒಡಹುಟ್ಟಿದವರ ಮದುವೆಯಾಗದ ಆರು ಹೆಣ್ಣುಮಕ್ಕಳ ಜವಾಬ್ದಾರಿ ತನ್ನ ಮೇಲಿದೆ, ಕಾಳು ಮತ್ತು ವೈನ್ ಸಾಲವಾಗಿ ಕೊಡಿಸಿ ಅಂತ ಬೇಡ್ಕೊಂಡಿದ್ದಾನೆ. ಓದಿದಾಗ ಕಣ್ಣು ಒದ್ದೆಯಾಗುತ್ತೆ. ನಾವು ಮ್ಯೂಸಿಯಂ ಗಾಜಿನ ಹಿಂದೆ ನೋಡೋ ಆ ಶಾಂತವಾದ ಮೇರಿಯರನ್ನ ಬರೆದ ಕೈ ಇದು.

ಕಲೆ ಶಿಕ್ಷೆಯ ಕೆಲಸಕ್ಕೂ ಬಂತು. 1478ರ ಏಪ್ರಿಲ್ 26, ಮಹಾ ಚರ್ಚಿನ ಪ್ರಾರ್ಥನೆ ನಡೀವಾಗಲೇ ಪಾಜ್ಜಿ ಅನ್ನೋ ಇನ್ನೊಂದು ಬ್ಯಾಂಕ್ ಮನೆತನದವರು ಲೊರೆಂಜೊ ತಮ್ಮ ಜೂಲಿಯಾನೊನ ಇರಿದು ಕೊಂದ್ರು, ಮೈಮೇಲೆ 19 ಗಾಯ. ಲೊರೆಂಜೊ ಒಳಕೋಣೆಗೆ ಓಡಿ, ಕಂಚಿನ ಬಾಗಿಲು ಹಾಕ್ಕೊಂಡು ಬದುಕಿದ. ಒಳಗೆ ವ್ಯಾಪಾರದ ಜಗಳವೂ ಇತ್ತು, ಆಗಿನ ಪೋಪ್ ನಾಲ್ಕನೇ ಸಿಕ್ಸ್ಟಸ್ ತನ್ನ ಖಾತೆಯನ್ನ ಮೆಡಿಚಿಗಳಿಂದ ಕಿತ್ತು ಪಾಜ್ಜಿಗಳಿಗೆ ಕೊಟ್ಟಿದ್ದ. ಸಿಕ್ಕಿಬಿದ್ದವರನ್ನ ಅರಮನೆ ಕಿಟಕಿಯಿಂದಲೇ ನೇಣು ಹಾಕಿದ್ರು, ಪೀಸಾದ ಆರ್ಚ್‌ಬಿಷಪ್ಪನ್ನೂ ಬಿಡಲಿಲ್ಲ. ಆ ನೇತಾಡೋ ಹೆಣಗಳ ಚಿತ್ರವನ್ನ ಸರ್ಕಾರಿ ಗೋಡೆ ಮೇಲೆ ಬರೆಯೋ ಕೆಲಸ ಬೊತ್ತಿಚೆಲ್ಲಿಗೆ ಸಿಕ್ಕಿತು, ಕೂಲಿ 40 ಫ್ಲೋರಿನ್. ವಸಂತದ ಹೂವು ಬರೆದ ಅದೇ ಬೊತ್ತಿಚೆಲ್ಲಿ. ಮುಂದಿನ ವರ್ಷ ಇನ್ನೊಬ್ಬ ಕೊಲೆಗಾರ ಬಾಂದಿನಿ ಅನ್ನೋನನ್ನ ಕಾನ್‌ಸ್ಟಾಂಟಿನೋಪಲ್‌ನಿಂದ ಹಿಡಿದು ತಂದು ನೇಣು ಹಾಕಿದಾಗ, 27 ವರ್ಷದ ಲಿಯೊನಾರ್ಡೊ ಆ ಹೆಣದ ಸ್ಕೆಚ್ ಮಾಡ್ಕೊಂಡು, ಪಕ್ಕದಲ್ಲಿ ಟೋಪಿ ಕಂದು, ಒಳ ಅಂಗಿ ಕಪ್ಪು ಸ್ಯಾಟಿನ್, ಕೋಟು ನೀಲಿ ಅಂತ ಬಣ್ಣದ ವಿವರ ಬರೆದಿದ್ದಾನೆ. ಗೋಡೆ ಚಿತ್ರವನ್ನ 1494ರಲ್ಲಿ ಅಳಿಸಿದ್ರು, ಆ ಪುಟ್ಟ ಕಾಗದ ಉಳಿದಿದೆ.

ನಿನ್ನ ಪ್ರಶ್ನೆಗೆ ಪೂರ್ತಿ ಉತ್ತರ ಅಂದ್ರೆ ಮೈಕೆಲೆಂಜೆಲೊ. ಹುಡುಗನಾಗಿದ್ದಾಗ ಲೊರೆಂಜೊ ಮನೆಯಲ್ಲಿ ಸುಮಾರು ಎರಡು ವರ್ಷ ಅವರ ಮಕ್ಕಳ ಜೊತೆ ಊಟ ಮಾಡಿ ಬೆಳೆದೋನು. 1504ರಲ್ಲಿ, ಮೆಡಿಚಿಗಳು ಊರಲ್ಲಿ ಇಲ್ಲದ ಕಾಲದಲ್ಲಿ, ಅವನ ಡೇವಿಡ್ ಗಣರಾಜ್ಯದ ಅರಮನೆ ಬಾಗಿಲಿಗೆ ನಿಂತಿತು. 1529ರಲ್ಲಿ ಮೆಡಿಚಿ ಪೋಪ್ ಏಳನೇ ಕ್ಲೆಮೆಂಟ್ ಪರವಾಗಿ ಚಕ್ರವರ್ತಿಯ ಸೈನ್ಯ ಬಂದು ಫ್ಲಾರೆನ್ಸ್ ಮುತ್ತಿಗೆ ಹಾಕಿದಾಗ ಊರಿನ ಕೋಟೆ ಕೆಲಸದ ಉಸ್ತುವಾರಿ ಯಾರದ್ದು ಅಂದ್ಕೊಂಡೆ? ಅವನದ್ದೇ. ಅನ್ನ ಹಾಕಿದ ಮನೆ ವಿರುದ್ಧ ಊರಿನ ಪರ ನಿಂತ. 1530ರಲ್ಲಿ ಊರು ಸೋತಿತು, ಅವನು ತಲೆಮರೆಸಿಕೊಂಡ. ಸಾನ್ ಲೊರೆಂಜೊ ಚರ್ಚಿನಲ್ಲಿ ಅವನೇ ಕಟ್ಟುತ್ತಿದ್ದ ಮೆಡಿಚಿ ಸಮಾಧಿ ಮಂದಿರದ ಕೆಳಗೆ ಒಂದು ಕಿರಿದಾದ ಕೋಣೆ 1975ರಲ್ಲಿ ಸಿಕ್ತು, ಸುಣ್ಣ ಕೆರೆದು ನೋಡಿದ್ರೆ ಗೋಡೆ ತುಂಬ ಇದ್ದಿಲಿನಲ್ಲಿ ಕಾಲು, ತಲೆ, ತಿರುಗಿದ ಮೈ. ಅವನು ಬಚ್ಚಿಟ್ಟುಕೊಂಡಿದ್ದು ಅಲ್ಲೇ, ಕೆಲವಾದ್ರೂ ಅವನ ಕೈಯದೇ ಅಂತ ಅನೇಕರು ನಂಬ್ತಾರೆ, ಎಲ್ಲರೂ ಒಪ್ಪಲ್ಲ. ಪೋಪ್ ಕ್ಷಮಿಸಿದ್ರು, ಅವನು ಮೇಲೆ ಬಂದು ಮತ್ತೆ ಅದೇ ಮೆಡಿಚಿ ಸಮಾಧಿಗಳ ಉಳಿ ಹಿಡಿದ. ಅಲ್ಲಿ ಕೆತ್ತಿದ ರಾತ್ರಿ, ಹಗಲು, ಸಂಜೆ, ಮುಂಜಾವು ಅನ್ನೋ ನಾಲ್ಕು ಮೂರ್ತಿಗಳನ್ನ ಚಿತ್ರದಲ್ಲಾದ್ರೂ ನೋಡು, ದೊಡ್ಡವರ ಗೋರಿ ಮೇಲೆ ವೈಭವ ಇಲ್ಲ, ಮೈ ಮುರಿದ ಆಯಾಸ ಇದೆ. ಅದು ಕಲಾವಿದನದ್ದು, ಅದಕ್ಕೆ ಯಾವ ಮೆಡಿಚಿಯೂ ಆರ್ಡರ್ ಕೊಟ್ಟಿರಲಿಲ್ಲ.

ಪ್ರಶ್ನೆ (ಮತ್ತೆ ಹುಬ್ಬಳ್ಳಿಯ ಓದುಗರದೇ): ಕೊನೆಗೆ ಆ ಬ್ಯಾಂಕ್ ಏನಾಯ್ತು?

ಉತ್ತರ: ಮುಳುಗಿತು ಸರ್, ಕಾರಣಗಳು ನಿಮಗೆ ತೀರಾ ಪರಿಚಯದವೇ. ಲಂಡನ್ ಬ್ರಾಂಚ್ ರಾಜ ನಾಲ್ಕನೇ ಎಡ್ವರ್ಡ್‌ಗೆ, ಈಗಿನ ಬೆಲ್ಜಿಯಂನಲ್ಲಿರೋ ಬ್ರೂಜ್ ಬ್ರಾಂಚ್ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್‌ಗೆ ಕೈ ಬಿಚ್ಚಿ ಸಾಲ ಕೊಟ್ವು, ರಾಜರ ಮೇಲೆ ಯಾರು ಜಪ್ತಿ ತರ್ತಾರೆ? ಚಾರ್ಲ್ಸ್ 1477ರಲ್ಲಿ ಯುದ್ಧದಲ್ಲಿ ಸತ್ತ. ಮುಖ್ಯ ಮ್ಯಾನೇಜರ್ ಫ್ರಾಂಚೆಸ್ಕೊ ಸಾಸೆಟ್ಟಿ ಬ್ರಾಂಚಿನವರನ್ನ ಬಿಗಿ ಹಿಡೀಲಿಲ್ಲ, ಲೊರೆಂಜೊಗೆ ಲೆಕ್ಕಕ್ಕಿಂತ ಕವಿತೆ, ರಾಜಕೀಯದಲ್ಲೇ ಮನಸ್ಸು. ತಾನು ಪೋಷಕನಾಗಿದ್ದ ಅಪ್ರಾಪ್ತ ಕಸಿನ್‌ಗಳ 50,000ಕ್ಕೂ ಹೆಚ್ಚು ಫ್ಲೋರಿನ್ ಬಳಸಿಕೊಂಡ, ಆ ಕಸಿನ್‌ಗಳಲ್ಲಿ ಒಬ್ಬ ಮೇಲೆ ಹೇಳಿದ ಇನ್ನೊಬ್ಬ ಲೊರೆಂಜೊನೇ. ಆ ಮನಸ್ತಾಪ ಎಷ್ಟು ಬೆಳೀತು ಅಂದ್ರೆ 1494ರಲ್ಲಿ ಮುಖ್ಯ ಶಾಖೆಯವರನ್ನ ಓಡಿಸಿದಾಗ ಕಸಿನ್‌ಗಳು ಊರಿನ ಜೊತೆ ನಿಂತರು. ಆ ವರ್ಷವೇ ಬ್ಯಾಂಕಿನ ಕತೆಯೂ ಮುಗೀತು.

ನನಗೆ ವಿಚಿತ್ರವಾಗಿ ಕಾಣೋದು ಇದು: ಮುಳುಗಿಸಿದ ಮ್ಯಾನೇಜರ್‌ಗಳೂ ಕಲೆ ಬಿಟ್ಟು ಹೋದ್ರು. ಬ್ರೂಜ್‌ನ ಪೋರ್ತಿನಾರಿ ಅಲ್ಲಿನ ಹ್ಯೂಗೊ ಫಾನ್ ಡೆರ್ ಗೂಸ್ ಕೈಲಿ ಬರೆಸಿದ ದೊಡ್ಡ ಚಿತ್ರ 1483ರಲ್ಲಿ ಫ್ಲಾರೆನ್ಸಿಗೆ ಬಂತು. ಅದರಲ್ಲಿರೋ ಒರಟು ಕೈ, ಬಾಯಿ ಬಿಟ್ಟ ಕುರುಬರನ್ನ ನೋಡಿ ಗಿರ್ಲಾಂದಾಯೊ ಎರಡೇ ವರ್ಷದಲ್ಲಿ ತನ್ನ ಚಿತ್ರದಲ್ಲೂ ಅಂಥ ಕುರುಬರನ್ನ ತಂದ, ಯಾವ ಚಿತ್ರ ಅಂದ್ರೆ ಅದೇ ಸಾಸೆಟ್ಟಿ ಮಾಡಿಸಿದ ಮಂದಿರದ್ದು. ಪೋರ್ತಿನಾರಿಗಿಂತ ಮೊದಲು ಬ್ರೂಜ್ ನೋಡ್ಕೊಂಡಿದ್ದ ತಾನಿ ಅನ್ನೋನು ಮೆಮ್ಲಿಂಗ್ ಹತ್ರ ಬರೆಸಿದ ಅಂತಿಮ ತೀರ್ಪಿನ ಚಿತ್ರವನ್ನ ಹಡಗಲ್ಲಿ ಕಳಿಸಿದ್ರು, 1473ರಲ್ಲಿ ಸಮುದ್ರದ ಮೇಲೆ ದಾಂಜಿಗ್ ಊರಿನವರು ಹಡಗನ್ನೇ ಹಿಡಿದ್ರು, ಚಿತ್ರ ಇವತ್ತಿಗೂ ಪೋಲೆಂಡಿನ ಆ ಊರಲ್ಲೇ ಇದೆ, ಈಗ ಗ್ಡಾನ್ಸ್ಕ್ ಅಂತಾರೆ.

ಮನೆತನ ಮಾತ್ರ ಉಳೀತು, ಲೊರೆಂಜೊ ಮಾಡಿದ ಇನ್ನೊಂದು ಹೂಡಿಕೆಯಿಂದ. ಮಗ ಜಿಯೊವಾನಿಗೆ 13 ವರ್ಷಕ್ಕೇ ಕಾರ್ಡಿನಲ್ ಪಟ್ಟ ಕೊಡಿಸಿದ್ದ. ಆ ಹುಡುಗ 1513ರಲ್ಲಿ ಹತ್ತನೇ ಲಿಯೊ ಅನ್ನೋ ಪೋಪ್ ಆದ, ರೋಮಿನ ಸೇಂಟ್ ಪೀಟರ್ ಚರ್ಚ್ ಕಟ್ಟೋಕೆ ದುಡ್ಡು ಸಾಲದೆ ಪಾಪ ಪರಿಹಾರದ ಪತ್ರ ಮಾರಿಸಿದ, ಅದನ್ನ ವಿರೋಧಿಸಿ 1517ರಲ್ಲಿ ಮಾರ್ಟಿನ್ ಲೂಥರ್ ಎದ್ದ. ಬಡ್ಡಿ ಪಾಪ ತೊಳೆಯೋಕೆ ಮಠ ಕಟ್ಟಿಸಿದವನ ಮರಿಮಗ, ಚರ್ಚ್ ಕಟ್ಟೋಕೆ ಪಾಪದ ಮಾಫಿಯನ್ನೇ ಮಾರಿದ. ಯುರೋಪಿನ ಚರ್ಚು ಎರಡಾಯ್ತು.

ಪ್ರಶ್ನೆ (ಕಾರವಾರದಿಂದ): ಗೋವಾದ ಬಾಮ್ ಜೀಸಸ್ ಚರ್ಚಿನಲ್ಲಿ ಸೇಂಟ್ ಫ್ರಾನ್ಸಿಸ್ ಝೇವಿಯರ್ ಸಮಾಧಿಯನ್ನ ಇಟಲಿಯ ರಾಜ ಕೊಟ್ಟಿದ್ದು ಅಂತಾರೆ. ಯಾವ ರಾಜ?

ಉತ್ತರ: ಇದೇ ಮನೆತನದವನು! ಆ ಹೊತ್ತಿಗೆ ಬ್ಯಾಂಕ್ ಹೋಗಿ ಇನ್ನೂರು ವರ್ಷ, ಮೆಡಿಚಿಗಳು ಟಸ್ಕನಿಯ ಗ್ರ್ಯಾಂಡ್ ಡ್ಯೂಕ್‌ಗಳಾಗಿದ್ರು. ಮೂರನೇ ಕೊಸಿಮೊ ಬಹಳ ದೈವಭಕ್ತ, ಸಂತನ ತಲೆದಿಂಬು ಗೋವಾದಿಂದ ಅವನಿಗೆ ಕಾಣಿಕೆಯಾಗಿ ಹೋಗಿತ್ತು, ಅದಕ್ಕೆ ಪ್ರತಿಯಾಗಿ ಈ ಬಣ್ಣದ ಕಲ್ಲಿನ ಪೀಠವನ್ನ ಮಾಡಿಸಿದ. ಮಾಡಿದೋನು ಫ್ಲಾರೆನ್ಸಿನ ಜಿಯೊವಾನಿ ಬತ್ತಿಸ್ತ ಫೊಜ್ಜಿನಿ, ಸುಮಾರು ಹತ್ತು ವರ್ಷದ ಕೆಲಸ, ಬಿಡಿಬಿಡಿಯಾಗಿ ಹಡಗಲ್ಲಿ ಬಂದು 1698ರಲ್ಲಿ ಇಲ್ಲಿ ಜೋಡಿಸಿದ್ರು. ಮೇಲಿರೋ ಬೆಳ್ಳಿ ಪೆಟ್ಟಿಗೆ ಮಾತ್ರ ಗೋವಾದ ಅಕ್ಕಸಾಲಿಗರದು, ಅದು ಇದಕ್ಕಿಂತ ಸುಮಾರು 60 ವರ್ಷ ಹಳೇದು.

ಇನ್ನೊಂದು ನಂಟೂ ಇದೆ. ಬ್ಯಾಂಕ್ ಮ್ಯಾನೇಜರ್ ಸಾಸೆಟ್ಟಿಯ ಮನೆತನದಲ್ಲೇ ಹುಟ್ಟಿದ ಫಿಲಿಪ್ಪೊ ಸಾಸೆಟ್ಟಿ ಅನ್ನೋ ವ್ಯಾಪಾರಿ 1583ರಲ್ಲಿ ಮೆಣಸಿನ ವ್ಯಾಪಾರಕ್ಕೆ ಅಂತ ಕೊಚ್ಚಿಗೆ ಬಂದು, ಆಮೇಲೆ ಗೋವಾದಲ್ಲಿದ್ದ. ಇಲ್ಲಿನ ಗಿಡ, ಔಷಧಿ, ಮಳೆಗಾಲ, ಜನರ ಬಗ್ಗೆ ಫ್ಲಾರೆನ್ಸಿಗೆ ಕಾಗದ ಬರೀತಿದ್ದ, ಮೆಡಿಚಿಗಳಿಗೂ ಬರೆದಿದ್ದಾನೆ. ಒಂದು ಕಾಗದದಲ್ಲಿ ಸಂಸ್ಕೃತಕ್ಕೂ ತನ್ನ ಭಾಷೆಗೂ ಎಷ್ಟೋ ಪದ ಹೋಲುತ್ತೆ ಅಂತ ಆಶ್ಚರ್ಯಪಟ್ಟು ದೇವ, ಸರ್ಪ, ಆರು, ಏಳು, ಎಂಟು, ಒಂಬತ್ತರ ಸಂಸ್ಕೃತ ಪದಗಳನ್ನ ತೋರಿಸಿದ್ದಾನೆ. ಇಟಾಲಿಯನ್ನಲ್ಲಿ ಸರ್ಪಕ್ಕೆ ಸೆರ್ಪೆ, ಸಪ್ತಕ್ಕೆ ಸೆತ್ತೆ, ನವಕ್ಕೆ ನೋವೆ. ಈ ಭಾಷೆಗಳೆಲ್ಲ ಒಂದೇ ಕುಟುಂಬ ಅಂತ ವಿದ್ವಾಂಸರು ಹೇಳೋಕೆ ಶುರು ಮಾಡಿದ್ದು ಅವನಾದ ಸುಮಾರು 200 ವರ್ಷಕ್ಕೆ. ಅವನು 1588ರಲ್ಲಿ ಗೋವಾದಲ್ಲೇ ತೀರಿಹೋದ, ಊರಿಗೆ ವಾಪಸ್ ಹೋಗಲೇ ಇಲ್ಲ.

ನೀವು ಕಾರವಾರದವರು, ಹಳೇ ಗೋವಾ ನಿಮಗೆ ಅರ್ಧ ದಿನದ ಕೆಲಸ. ಮುಂದಿನ ಸಲ ಹೋದಾಗ ಎಲ್ಲರೂ ಮೇಲೆ ಬೆಳ್ಳಿ ಪೆಟ್ಟಿಗೆ ನೋಡ್ತಿರ್ತಾರೆ, ನೀವು ಸ್ವಲ್ಪ ಕೆಳಗೆ ಕಣ್ಣು ಹಾಯಿಸಿ, ಪೀಠದ ನಾಲ್ಕು ಬದಿಗೂ ಒಂದೊಂದು ಕಂಚಿನ ಫಲಕ ಇದೆ. ಒಂದರಲ್ಲಿ ಸಂತ ಬೋಧನೆ ಮಾಡ್ತಿದ್ದಾನೆ, ಇನ್ನೊಂದರಲ್ಲಿ ದೀಕ್ಷೆ ಕೊಡ್ತಿದ್ದಾನೆ, ಮತ್ತೊಂದರಲ್ಲಿ ಕೊಲ್ಲೋಕೆ ಬಂದವರಿಂದ ತಪ್ಪಿಸ್ಕೊಂಡು ಹೋಗ್ತಿದ್ದಾನೆ, ಉಳಿದದ್ದರಲ್ಲಿ ಚೀನಾ ತೀರದ ಒಂದು ದ್ವೀಪದಲ್ಲಿ ಸಾಯ್ತಾ ಮಲಗಿದ್ದಾನೆ. ಬೆಳಿಗ್ಗೆ ಬೇಗ ಹೋಗಿ, ಟೂರಿಸ್ಟ್ ಬಸ್ಸುಗಳು ಬಂದ್ಮೇಲೆ ಹತ್ತಿರ ನಿಂತು ನೋಡೋಕೆ ಯಾರೂ ಬಿಡಲ್ಲ.